ಚೆಸ್ ಕ್ಲಾಕ್ ಚೆನ್ನಾಗಿದೆ, ಆದ್ರೆ ಆ ಲಿವರ್...

ಈ ಡಿಜಿಟಲ್ ಚೆಸ್ ಕ್ಲಾಕ್ ತಗೊಂಡು ಎಂಟು ತಿಂಗಳಾಯ್ತು, ಮನೇಲಿ ಆಡೋವಾಗ ಒಂದಿನಾನೂ ಕೈ ಕೊಡ್ಲಿಲ್ಲ, ಇದರ ಬಣ್ಣ ಬಯಲಾಗಿದ್ದು ಟೂರ್ನಮೆಂಟ್‌ನಲ್ಲಿ.

ಐದನೇ ರೌಂಡು, ಇಬ್ರೂ 1500 ರೇಟಿಂಗ್‌ನ ಆಸುಪಾಸಿನೋರು, ಒಬ್ಬೊಬ್ರಿಗೆ 90 ನಿಮಿಷ, ಪ್ಲಸ್ ಪ್ರತಿ ನಡೆಗೂ 30 ಸೆಕೆಂಡ್ ಜಮಾ. ಕುದುರೇನ ಎಫ್5 ಮನೆಗೆ ಇಟ್ಟು, ನನ್ ಟೈಮು ನಿಲ್ಲಿಸಿ ಎದುರಿನವ್ರದ್ದು ಓಡಿಸೋ ಲಿವರ್‌ನ ಅದೇ ಕೈಲಿ ಒತ್ತಿ (ರೂಲೇ ಹಾಗೆ, ಇನ್ನೊಂದು ಕೈಲಿ ಒತ್ತಂಗಿಲ್ಲ), ನಡೇನ ಶೀಟಲ್ಲಿ ಬರ್ಕೊಂಡು, ಭಾರಿ ನಡೆ ಆಡಿದೀನಿ ಅನ್ನೋ ಜಂಬದಲ್ಲಿ ನೀರು ಕುಡೀತಾ ಕೂತೆ. ಎದುರಿನವ್ರು ತಲೆ ಮೇಲೆ ಕೈ ಇಟ್ಕೊಂಡು ಯೋಚ್ನೆ ಮಾಡ್ತಾನೇ ಇದ್ರು. ನೋಡಿದ್ರೆ ಲಿವರ್ ಅರ್ಧಕ್ಕೇ ನಿಂತಿದೆ, ಓಡ್ತಿರೋದು ನನ್ ಟೈಮು! ಏಳು ನಿಮಿಷ ಹೋಗಿತ್ತು. ಅವ್ರು ಹೇಳ್ಬೇಕು ಅಂತ ನಿಯಮ ಏನಿಲ್ಲ, ಅವರ ಜಾಗದಲ್ಲಿ ನಾನಿದ್ರೂ ಹೇಳ್ತಿದ್ನೋ ಇಲ್ವೋ ಗೊತ್ತಿಲ್ಲ ಬಿಡಿ. ಲಿವರ್‌ನ ಅಂಚಲ್ಲಿ ಒತ್ತಿದ್ರೆ ಪೂರ್ತಿ ವಾಲಲ್ಲ, ಟಿಕ್ ಅನ್ನೋ ಸದ್ದೂ ಬರಲ್ಲ, ತೊಂದ್ರೆ ಇಷ್ಟೇ, ಆದ್ರೆ ಕ್ಲಾಕಿಗೆ ಇರೋ ಮುಖ್ಯ ಕೆಲ್ಸಾನೇ ಅದಲ್ವಾ.

ಹಾಗಂತ ಪೂರ್ತಿ ಬೈಯೋಕೂ ಆಗಲ್ಲ. ಕೊನೆಗೆ ಆನೆ-ಪಾನ್ (ಕಾಲಾಳು) ಎಂಡ್‌ಗೇಮ್‌ಗೆ ಬಂದಾಗ ನನ್ನತ್ರ ಇದ್ದಿದ್ದು 40 ಸೆಕೆಂಡು. ಪಾನ್ ಏಳನೇ ಸಾಲಲ್ಲಿ, ರಾಜ ಅದರ ಮುಂದೆ, ಆನೇನ ನಾಲ್ಕನೇ ಸಾಲಿಗೆ ತಂದು ಚೆಕ್‌ಗಳಿಗೆ ಅಡ್ಡ ಹಾಕೋ ಲುಸೇನಾ ಸೇತುವೆ ಅನ್ನೋ ಗೆಲ್ಲೋ ತಂತ್ರ, ಬಾಯಿಪಾಠ ಇದ್ದಿದ್ದೇ. ಪಟಪಟ ಅಂತ ಆಡ್ತಾ ಹೋದ್ರೆ ನಾಲ್ಕೇ ನಡೇಲಿ ಟೈಮು ಎರಡು ನಿಮಿಷ ದಾಟ್ತು. ಮಾಜಿ ವಿಶ್ವ ಚಾಂಪಿಯನ್ ಫಿಶರ್ 1988ರಲ್ಲಿ ಪೇಟೆಂಟ್‌ಗೆ ಹಾಕಿ 1992ರಲ್ಲಿ ಸ್ಪಾಸ್ಕಿ ಜೊತೆ ಆಡೋವಾಗ ಬಳಸಿದ್ದು ನಡೆಗಿಷ್ಟು ಸೆಕೆಂಡ್ ಸೇರಿಸೋ ಇದೇ ಇನ್‌ಕ್ರಿಮೆಂಟ್ ಪದ್ಧತಿನ, ಪುಣ್ಯಾತ್ಮ.

ಸೆಟ್ಟಿಂಗ್ ಮಾಡೋವಾಗ ಮಾತ್ರ ಹುಷಾರು. ಡಿಲೇ ಮೋಡು, ಇನ್‌ಕ್ರಿಮೆಂಟ್ ಮೋಡು ಅಕ್ಕಪಕ್ಕದ ನಂಬರಲ್ಲಿವೆ. ಡಿಲೇ ಹಾಕಿದ್ರೆ ಪ್ರತಿ ನಡೆಗೂ ಟೈಮು ಸ್ವಲ್ಪ ತಡವಾಗಿ ಓಡೋಕೆ ಶುರುವಾಗತ್ತೆ ಅಷ್ಟೇ, ಬೇಗ ಆಡಿದ್ದಕ್ಕೆ ಒಂದು ಸೆಕೆಂಡೂ ಜಮಾ ಆಗಲ್ಲ, ಅವತ್ತು ಹಾಗಾಗಿದ್ರೆ ಆ 40 ಸೆಕೆಂಡು 40 ಆಗೇ ಉಳೀತಿತ್ತು. ಅಂಕಿಗಳು ದಪ್ಪಗಿವೆ, ಕನ್ನಡಕ ಇಲ್ದೇನೂ ಕಾಣ್ಸತ್ತೆ. ಬ್ಯಾಟ್ರಿ ಇನ್ನೂ ಮೊದಲು ಹಾಕಿದ್ದೇ ಇದೆ.

ಮೂರು ಸ್ಟಾರ್, ಲಿವರ್ ನೆಟ್ಟಗಿದ್ದಿದ್ರೆ ನಾಲ್ಕೂವರೆ. ಈಗ ಲಿವರ್‌ನ ನಡುಮಧ್ಯ ಒತ್ತಿ, ಎದುರಿನವ್ರ ಅಂಕಿ ಇಳಿಯೋದನ್ನ ಕಣ್ಣಾರೆ ನೋಡಿ ಆಮೇಲೇ ಪೆನ್ನು ಮುಟ್ಟೋದು.