ಹಾಫ್ ರೋಪ್ ಜೋಡಿ, ಬಿಲೇ ಡಿವೈಸ್: ಯಾವುದಕ್ಕೆ ಯಾವುದು ಹೊಂದುತ್ತೆ?

ಬಂಡೆ, ಬೆಟ್ಟ ಹತ್ತಲು ಜೋಡಿಯಾಗಿ ಬಳಸುವ ತೆಳು ಹಗ್ಗವೇ ಹಾಫ್ ರೋಪ್. ಅದನ್ನು ಕೊಳ್ಳಲು ಹೊರಟವರು ಮೊದಲು ನೋಡುವುದು ತೂಕವನ್ನು. ಬಿಲೇ ಡಿವೈಸ್ (ಹತ್ತುವವರು ಬಿದ್ದರೆ ಹಗ್ಗವನ್ನು ತಡೆದು ನಿಲ್ಲಿಸುವ ಸಾಧನ) ವಿಷಯ ಕೊನೆಗೆ ಬರುತ್ತದೆ, ಇರೋದೇ ಸಾಕು ಬಿಡು ಅಂತ. ಎರಡು ಜೋಡಿ ಹಗ್ಗಗಳನ್ನು ಮೂರು ಬಗೆಯ ಡಿವೈಸ್‌ಗಳಲ್ಲಿ ಅದಲು ಬದಲು ಮಾಡಿ ಬಳಸಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟೇ: ಇವೆರಡನ್ನೂ ಬೇರೆ ಬೇರೆಯಾಗಿ ಆರಿಸಲು ಆಗುವುದಿಲ್ಲ. ಒಂದರಲ್ಲಿ ಬೆಣ್ಣೆಯಂತೆ ಸಾಗುವ ಹಗ್ಗ ಇನ್ನೊಂದರಲ್ಲಿ ಹೆಜ್ಜೆ ಹೆಜ್ಜೆಗೂ ಸಿಕ್ಕಿಕೊಳ್ಳುತ್ತದೆ.

ಮೊದಲು ಹಗ್ಗ. ಒಂದು ಜೋಡಿ 8.6 ಮಿ.ಮೀ., ಮೀಟರಿಗೆ 48 ಗ್ರಾಂ. ಇನ್ನೊಂದು 8.1 ಮಿ.ಮೀ., ಮೀಟರಿಗೆ 42 ಗ್ರಾಂ. ಎರಡೂ 60 ಮೀಟರಿನವು. ಜೋಡಿ ಲೆಕ್ಕದಲ್ಲಿ ದಪ್ಪದ್ದು ಸುಮಾರು 5.8 ಕೆಜಿ, ತೆಳ್ಳಗಿನದು 5 ಕೆಜಿ. ಇಬ್ಬರೂ ಒಂದೊಂದು ಹಗ್ಗ ಹೊತ್ತರೆ ತಲಾ 360 ಗ್ರಾಂ ವ್ಯತ್ಯಾಸ. ನಡೆಯುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಗೊತ್ತಾಗುವುದು ಉದ್ದ ಪಿಚ್‌ನ (ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಹತ್ತುವ ಭಾಗ) ತುದಿಯಲ್ಲಿ. ಸೊಂಟದಿಂದ ಕೆಳಗೆ 50 ಮೀಟರ್ ಹಗ್ಗ ನೇತಾಡುತ್ತಿರುವಾಗ, ಕ್ಲಿಪ್ ಮಾಡಲು ಒಂದು ಗೇಣು ಎಳೆದುಕೊಳ್ಳುವುದೂ ಕಷ್ಟ. ಅಲ್ಲಿ ತೆಳ್ಳಗಿನದೇ ಗೆಲ್ಲುತ್ತದೆ.

ಅಡ್ಡಾದಿಡ್ಡಿ ಸಾಗುವ ದಾರಿಗೇ ಅಲ್ವಾ ಹಾಫ್ ರೋಪ್ ಇರೋದು? ಎಡಗಡೆಯ ನಟ್, ಕ್ಯಾಮ್‌ಗಳಿಗೆ (ಬಂಡೆಯ ಬಿರುಕಿಗೆ ಸಿಕ್ಕಿಸುವ ಲೋಹದ ಆಸರೆಗಳು) ಒಂದು ಬಣ್ಣದ ಹಗ್ಗ, ಬಲಗಡೆಯವಕ್ಕೆ ಇನ್ನೊಂದು. ಹೀಗೆ ಮಾಡಿದರೆ ಹಗ್ಗ ಅಂಕುಡೊಂಕಾಗದೆ ಸಲೀಸಾಗಿ ಬರುತ್ತದೆ. ಇಳಿಯುವಾಗ ಎರಡನ್ನೂ ಗಂಟು ಹಾಕಿ ಒಂದೇ ಸಲಕ್ಕೆ 60 ಮೀಟರ್ ರಾಪೆಲ್ ಮಾಡಬಹುದು, ಅಂದರೆ ಹಗ್ಗದ ಮೇಲೆ ಜಾರುತ್ತಾ ಇಳಿಯಬಹುದು. ಒಂದೇ 60 ಮೀಟರ್ ಹಗ್ಗ ಇದ್ದರೆ 30ಕ್ಕೇ ಮುಗಿಯಿತು.

ಹೊಸಬರು ಒಂದು ಅಂಕಿಯನ್ನು ತಪ್ಪಾಗಿ ಓದುತ್ತಾರೆ. ಪರೀಕ್ಷೆಯಲ್ಲಿ ಭಾರ ಬೀಳಿಸಿದಾಗ ಹಾಫ್ ರೋಪ್‌ನ ಹೊಡೆತ 8 ಕಿಲೋನ್ಯೂಟನ್ ದಾಟಬಾರದು, ಒಂಟಿಯಾಗಿ ಬಳಸುವ ಸಿಂಗಲ್ ರೋಪ್‌ಗೆ 12ರ ಮಿತಿ. ಹಾಗಂತ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಬೇಡಿ. ಸಿಂಗಲ್ ಮೇಲೆ ಬೀಳಿಸುವುದು 80 ಕೆಜಿ, ಹಾಫ್‌ನ ಒಂದು ಎಳೆಯ ಮೇಲೆ 55 ಕೆಜಿ. ಆದರೂ ಒಂದೇ ಎಳೆಯ ಮೇಲೆ ಬಿದ್ದಾಗ ಹಿಡಿತ ಮೆತ್ತಗಿರುವುದು ನಿಜ. ಅಷ್ಟೇನೂ ಗಟ್ಟಿಯಿಲ್ಲದ ನಟ್ ಮೇಲೆ ಇದು ದೊಡ್ಡ ಸಮಾಧಾನ.

ಆ ಮೆತ್ತನೆಗೂ ಬೆಲೆ ಇದೆ. ತೂಕ ಹಾಕಿ ಸುಮ್ನೆ ನೇತಾಡಿದಾಗ ಹಾಫ್ ರೋಪ್ 12 ಶೇಕಡಾದವರೆಗೆ ಹಿಗ್ಗಲು ನಿಯಮದಲ್ಲೇ ಅವಕಾಶ ಇದೆ. ಮೇಲಿಂದ 50 ಮೀಟರ್ ಹಗ್ಗ ಇಳಿದಿದ್ದರೆ ಒಂದು ಎಳೆಗೆ 6 ಮೀಟರ್! ಸೆಕೆಂಡ್ ಆಗಿ, ಅಂದರೆ ಮೊದಲು ಹತ್ತಿದವರ ಹಿಂದೆ ಬರುವವರು ನೆಲದಿಂದ ಎರಡಾಳು ಎತ್ತರದಲ್ಲಿ ಜಾರಿದರೆ ಕಾಲು ನೆಲಕ್ಕೇ ತಾಗಬಹುದು. ಎರಡೂ ಎಳೆ ಸಮನಾಗಿ ಬಿಗಿ ಇದ್ದರೆ ಇಷ್ಟು ಆಗುವುದಿಲ್ಲ. ಮೂವರ ತಂಡದಲ್ಲಿ ಹಿಂದೆ ಬರುವ ಇಬ್ಬರಿಗೂ ಒಂದೊಂದೇ ಎಳೆ. ಆಗ ನಾನು ಮರುಮಾತಿಲ್ಲದೆ 8.6 ತೆಗೆದುಕೊಳ್ಳುತ್ತೇನೆ. ಚೂಪು ಅಂಚಿನ ಬಂಡೆ ಇದ್ದರೂ ಅದೇ.

ಹಿಮದ ದಾರಿಗೆ ನೀರು ಹೀರದಂತೆ ಮಾಡುವ ಡ್ರೈ ಟ್ರೀಟ್‌ಮೆಂಟ್ ಇರಲೇಬೇಕು, ಅದರಲ್ಲಿ ಚರ್ಚೆಯೇ ಇಲ್ಲ. ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ (ಯುಐಎಎ) ನೀರು ನಿರೋಧಕ ಪರೀಕ್ಷೆಯಲ್ಲಿ ಪಾಸಾಗಲು ಹಗ್ಗ ತನ್ನ ತೂಕದ 5 ಶೇಕಡಾಕ್ಕಿಂತ ಜಾಸ್ತಿ ನೀರು ಕುಡಿಯಬಾರದು. ಬಣ್ಣವನ್ನೂ ನೋಡಿ. ಕೆಂಪು-ಕೇಸರಿ ಜೋಡಿ ಬೇಡ, ಮಬ್ಬು ಬೆಳಕಿನಲ್ಲಿ ಎರಡೂ ಒಂದೇ. ಕೆಂಪು-ನೀಲಿ ಇದ್ದರೆ "ನೀಲಿ ಬಿಡು" ಅಂತ ಕೂಗಿದಾಗ ಕೆಳಗಿರುವವರು ತಡಕಾಡಬೇಕಿಲ್ಲ.

ಈಗ ಡಿವೈಸ್. ಗ್ರಿಗ್ರಿ ಎಂಬ ಡಿವೈಸನ್ನು ಮೊದಲೇ ಬದಿಗಿಡಿ, ಅದರಲ್ಲಿ ಹೋಗುವುದು ಒಂದೇ ಹಗ್ಗ. ನಮಗೆ ಬೇಕಿರುವುದು ಹಗ್ಗ ತೂರಿಸಲು ಎರಡು ಕಿಂಡಿ ಇರುವ ಟ್ಯೂಬ್.

ಗೈಡ್ ಮೋಡ್ ಇರುವ ಮಾಮೂಲಿ ಟ್ಯೂಬ್ ಮೊದಲ ಬಗೆ. ಗೈಡ್ ಮೋಡ್ ಅಂದರೆ ಡಿವೈಸನ್ನು ಆ್ಯಂಕರ್‌ಗೆ (ಬಂಡೆಗೆ ಭದ್ರ ಮಾಡಿದ ಆಧಾರ) ಸಿಕ್ಕಿಸಿ ಸೆಕೆಂಡನ್ನು ಮೇಲಿಂದ ಹಿಡಿಯುವುದು, ತೂಕ ಬಿದ್ದರೆ ಹಗ್ಗ ತಾನೇ ಕಚ್ಚಿಕೊಳ್ಳುತ್ತದೆ. ಪೆಟ್ಜಲ್ ರಿವರ್ಸೋ, ಬ್ಲ್ಯಾಕ್ ಡೈಮಂಡ್ ಎಟಿಸಿ-ಗೈಡ್ ಈ ಜಾತಿಯವು. ಲೀಡರ್ (ಮೊದಲು ಹತ್ತುವವರು) ತಲೆಯ ಮೇಲೆ ನೀಲಿಯನ್ನು ಕ್ಲಿಪ್ ಮಾಡಿ ಹತ್ತುತ್ತಿದ್ದಾರೆ ಅಂದುಕೊಳ್ಳಿ. ನೀವು ನೀಲಿ ಎಳೆದುಕೊಳ್ಳುತ್ತಾ, ಅದೇ ಹೊತ್ತಿಗೆ ಕೆಂಪು ಬಿಡಬೇಕು. ಬ್ರೇಕ್ ಕೈಯ ಮುಷ್ಟಿಯಲ್ಲಿ ಎರಡೂ ಎಳೆ, ನಡುವೆ ತೋರುಬೆರಳು. ಆ ಬೆರಳೇ ಯಾವ ಎಳೆ ಸರಿಯಬೇಕು ಅಂತ ತೀರ್ಮಾನಿಸುತ್ತದೆ. ಈ ಆಟಕ್ಕೆ ಮಾಮೂಲಿ ಟ್ಯೂಬ್‌ನಷ್ಟು ಚೆನ್ನಾಗಿ ಒಗ್ಗುವುದು ಬೇರೊಂದಿಲ್ಲ. ಆದರೆ 8.1 ಜೋಡಿಯಲ್ಲಿ ರಾಪೆಲ್ ಮಾಡಿದರೆ ಹಗ್ಗ ಸರ್ರನೆ ಓಡುತ್ತದೆ. ಇನ್ನೊಂದು ಕ್ಯಾರಬಿನರ್ (ಬಾಗಿಲಿರುವ ಲೋಹದ ಕೊಂಡಿ) ಸೇರಿಸಿ ಉಜ್ಜಾಟ ಹೆಚ್ಚಿಸಬೇಕು, ಕೆಳಗೆ ತೂಕ ಬಿದ್ದರೆ ಹಗ್ಗ ಕಚ್ಚುವ ಪ್ರೂಸಿಕ್ ಗಂಟು ಇರಲೇಬೇಕು. ಸೆಕೆಂಡ್ ನೇತಾಡುತ್ತಿರುವಾಗ ಗೈಡ್ ಮೋಡ್ ಬಿಡಿಸಿ ಕೆಳಗಿಳಿಸುವುದು ಇನ್ನೂ ಕಿರಿಕಿರಿ. ಮೊದಲು ಅಲ್ಲಾಡುವುದೇ ಇಲ್ಲ, ಆಮೇಲೆ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ಇದು ಈ ಬಗೆಯ ಎಲ್ಲ ಟ್ಯೂಬ್‌ಗಳ ಗುಣ.

ಎರಡನೆಯದು ಡಿಎಂಎಂ ಪಿವಟ್. ನೋಡಲು ಅದೇ ಟ್ಯೂಬ್, ಆದರೆ ಆ್ಯಂಕರ್‌ಗೆ ಸಿಕ್ಕಿಸುವ ಕಣ್ಣು ತಿರುಗುತ್ತದೆ. ಹಾಗಾಗಿ ಡಿವೈಸನ್ನು ಓರೆ ಮಾಡಿ ಸ್ವಲ್ಪ ಸ್ವಲ್ಪವೇ ಇಳಿಸಬಹುದು. ಬ್ರೇಕ್ ಎಳೆಗೆ ಬ್ಯಾಕಪ್ ಇಲ್ಲಿಯೂ ಬೇಕು. 8.6 ಜೋಡಿಯ ಜೊತೆ ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟದ್ದು ಇದೇ.

ಮೂರನೆಯದು ತಾನೇ ಬ್ರೇಕ್‌ಗೆ ನೆರವಾಗುವ ಬಗೆಯ ಟ್ಯೂಬ್. ರಾಪೆಲ್‌ನಲ್ಲಿ ಅದ್ಭುತ, ಕೈ ಸಡಿಲವಾದರೂ ಸಾಮಾನ್ಯವಾಗಿ ಹಗ್ಗ ಕಚ್ಚಿಕೊಳ್ಳುತ್ತದೆ. ಲೀಡ್ ಬಿಲೇಯಲ್ಲಿ ಮಾತ್ರ 8.6ರ ಎರಡು ಎಳೆ ಬೇಗ ಬಿಡಲು ಹೋದರೆ ಗಕ್ಕನೆ ನಿಲ್ಲುತ್ತದೆ. ಹೆಬ್ಬೆರಳಿನಿಂದ ಎತ್ತಿ ಹಿಡಿದೇ ಬಿಡಬೇಕು, ಆಗ ಎಡ-ಬಲದ ಲೆಕ್ಕ ಕೈತಪ್ಪುತ್ತದೆ. ತೆಳು ಹಗ್ಗದಲ್ಲಿ ಈ ತೊಂದರೆ ಕಮ್ಮಿ. ಇನ್ನೊಂದು ವಿಷಯ: ಬಿದ್ದಾಗ ಹಗ್ಗ ಇದರಲ್ಲಿ ಹೆಚ್ಚು ಜಾರುವುದಿಲ್ಲ, ಆದ್ದರಿಂದ ಮೇಲಿನ ನಟ್ ಮೇಲೆ ಹೊರೆ ಜಾಸ್ತಿ. ಮೆತ್ತಗಿನ ಹಿಡಿತಕ್ಕಂತ ಹಾಫ್ ರೋಪ್ ಕೊಂಡು ಇಲ್ಲಿ ಅದನ್ನು ಕಳೆದುಕೊಂಡಂತೆ.

ಬಂಡೆಗೆ, ಅದರಲ್ಲೂ ಮೂವರಿದ್ದರೆ 8.6 ಮತ್ತು ಪಿವಟ್. ಹಿಮಕ್ಕೆ, ಉದ್ದನೆಯ ಬೆಟ್ಟದ ದಾರಿಗೆ 8.1 ಮತ್ತು ಮಾಮೂಲಿ ಟ್ಯೂಬ್. ಆದರೆ ಟ್ಯೂಬ್ ತೆಳು ಹಗ್ಗಕ್ಕೆ ತಕ್ಕದ್ದಾಗಿರಬೇಕು. ತಯಾರಕರು ಹಾಫ್ ರೋಪ್‌ಗೆ ಅಂತ ಬೇರೆಯೇ ಅಳತೆ ಕೊಟ್ಟಿರುತ್ತಾರೆ, ಸಿಂಗಲ್‌ನ ಅಳತೆ ನೋಡಿ ಕೊಳ್ಳಬೇಡಿ. ತಂದ ಮೇಲೆ ನೆಲದಿಂದ ಒಂದು ಮೊಳ ಎತ್ತರದಲ್ಲಿ ಒಂದೇ ಎಳೆಯ ಮೇಲೆ ಪೂರ್ತಿ ತೂಕ ಹಾಕಿ ನೋಡಿ, ಗೈಡ್ ಮೋಡ್‌ನಲ್ಲಿ ಹಗ್ಗ ತೆವಳಿದರೆ ಆ ಜೋಡಿ ನಿಮಗಲ್ಲ.