ಮುಧೋಳ ನಾಯಿಯ ತುಪ್ಪಳ: ಪಾರ್ಟಿಕಲ್ ಹೇರೋ, ಹೇರ್ ಕರ್ವ್ಸೋ?

ಕಬ್ಬಿನ ಹೊಲದ ಬದುವಿನ ಮೇಲೆ ಓಡಿಬಂದು ಕ್ಯಾಮೆರಾ ಮುಂದೆ ನಿಲ್ಲುವ ಮುಧೋಳ ನಾಯಿ. ಬೆಲ್ಲದ ಜಾಹೀರಾತಿಗೆ ಬೇಕಾದದ್ದು ಅದು. 3ಡಿ ಆನಿಮೇಷನ್ ತಂತ್ರಾಂಶ ಬ್ಲೆಂಡರ್‌ನಲ್ಲಿ ಅದರ ತುಪ್ಪಳಕ್ಕೆ ಎರಡು ದಾರಿ ಇವೆ: ಕೂದಲನ್ನು ಕಣಗಳಂತೆ ಮೈಯಿಂದ ಹೊಮ್ಮಿಸುವ ಹಳೆಯ ಪಾರ್ಟಿಕಲ್ ಹೇರ್, ಒಂದೊಂದು ಕೂದಲನ್ನೂ ಬಾಗುಗೆರೆಯಾಗಿ ಇಡುವ, 3.3ನೇ ಆವೃತ್ತಿಯಲ್ಲಿ ಬಂದ ಹೇರ್ ಕರ್ವ್ಸ್. ಒಂದೇ ಮಾಡೆಲ್ ಮೇಲೆ, ಒಂದೇ ಬೆಳಕಿನಲ್ಲಿ ಎರಡನ್ನೂ ಹಾಕಿ ನೋಡಿದ್ದೇವೆ.

ಜೂಲು ನಾಯಿಗಿಂತ ಮುಧೋಳದ್ದೇ ಕಷ್ಟ. ಕೂದಲು ಗಿಡ್ಡ, ಮೈಗೆ ಅಂಟಿಕೊಂಡದ್ದು. ಪಕ್ಕೆಲುಬು, ತೊಡೆಯ ಸ್ನಾಯು, ಒಳಸೇರಿದ ಹೊಟ್ಟೆ ಯಾವುದೂ ಮುಚ್ಚುವುದಿಲ್ಲ. ಓಟದಲ್ಲಿ ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚುವಾಗ ಚರ್ಮ ಪಕ್ಕೆಲುಬಿನ ಮೇಲೆ ಜಾರದಿದ್ದರೆ ನಾಯಿ ರಬ್ಬರಿನದ್ದಾಗುತ್ತದೆ. ಆ ಕೆಲಸ ಮುಗಿಯದೆ ತುಪ್ಪಳಕ್ಕೆ ಕೈಹಾಕಬೇಡಿ.

ಪಾರ್ಟಿಕಲ್ ಹೇರ್ ಬೇಗ ಎದ್ದು ನಿಲ್ಲುತ್ತದೆ. ಆದರೆ ನಿಜ ಅಳತೆಯ ನಾಯಿಗೆ ರೇಡಿಯಸ್ ಸ್ಕೇಲ್ (ಕೂದಲಿನ ದಪ್ಪದ ಅಳತೆ) 0.01 ಇದ್ದರೆ ಕೂದಲು ಕಡ್ಡಿಯಷ್ಟು ದಪ್ಪ; 0.0001ಕ್ಕೆ ಇಳಿಸಿ. ಮೈಯನ್ನು ನುಣುಪಾಗಿಸುವ ಸಬ್‌ಡಿವಿಷನ್ ಮಟ್ಟ ವ್ಯೂಪೋರ್ಟ್‌ನಲ್ಲಿ (ಕೆಲಸದ ಪರದೆ) ಒಂದು, ರೆಂಡರ್‌ನಲ್ಲಿ (ಕೊನೆಯ ಚಿತ್ರ) ಇನ್ನೊಂದು ಇದ್ದರೆ ಬಾಚಿದ್ದೆಲ್ಲ ಜಾಗ ಬಿಟ್ಟು ಸರಿಯುತ್ತದೆ. ಬಾಚಿದ ಮೇಲೆ ಮೆಶ್ (ನಾಯಿಯ ಮೈಯ ಆಕಾರದ ಜಾಲ) ತಿದ್ದಿದರಂತೂ ಮತ್ತೆ ಮೊದಲಿಂದ.

ಹೇರ್ ಕರ್ವ್ಸ್‌ಗೆ ತಯಾರಿ ಹೆಚ್ಚು ಬೇಕು. ಕೂದಲು ಚರ್ಮಕ್ಕೆ ಅಂಟುವುದು ಯುವಿ ಮ್ಯಾಪ್, ಅಂದರೆ ಚರ್ಮವನ್ನು ಚಪ್ಪಟೆಯಾಗಿ ಬಿಡಿಸಿಟ್ಟ ನಕ್ಷೆಯ ಮೂಲಕ. ಎಡ ಬಲ ಕಾಲುಗಳ ಯುವಿ ಒಂದರ ಮೇಲೊಂದು ಕೂತಿದ್ದರೆ ಕೂದಲು ತಪ್ಪು ಕಡೆ ಹೋಗುತ್ತದೆ. ನಾಯಿಯ ಮೆಶ್‌ನಲ್ಲಿ ‘ಆಡ್ ರೆಸ್ಟ್ ಪೊಸಿಷನ್’ ಗುರುತು ಹಾಕದಿದ್ದರೆ ಮೈ ಓಡುತ್ತದೆ, ತುಪ್ಪಳ ನಿಂತಲ್ಲೇ ನಿಲ್ಲುತ್ತದೆ. ಇಷ್ಟು ಸರಿಮಾಡಿಕೊಂಡರೆ ಮುಂದೆ ಹಾದಿ ಸಲೀಸು: ಉದ್ದ, ದಟ್ಟಣೆ, ಗುಂಪುಗೂಡುವಿಕೆ ಎಲ್ಲ ನೋಡ್‌ಗಳಲ್ಲಿ (ಒಂದಕ್ಕೊಂದು ಜೋಡಿಸುವ ಸೆಟ್ಟಿಂಗ್ ಪೆಟ್ಟಿಗೆಗಳು), ಬೇಕೆಂದಾಗ ಬದಲಿಸಬಹುದು.

ವ್ಯತ್ಯಾಸ ನಿಚ್ಚಳವಾಗಿ ಕಂಡದ್ದು ಎದೆಯ ಸುಳಿಯಲ್ಲಿ. ಎರಡು ದಿಕ್ಕಿನ ಕೂದಲು ಅಲ್ಲಿ ಎದುರಾಗಿ ಸಣ್ಣ ಏಣು ಏಳುತ್ತದೆ. ಪಾರ್ಟಿಕಲ್‌ನಲ್ಲಿ ಬಾಚಿದ ಕೂದಲಿನ ನಡುವೆ ತಾನಾಗಿ ತುಂಬುವ ಮರಿಕೂದಲು ಎರಡು ದಿಕ್ಕನ್ನೂ ಬೆರೆಸಿ ಏಣನ್ನು ಅಳಿಸಿಹಾಕಿತು. ಕರ್ವ್ಸ್‌ನಲ್ಲಿ ‘ಇಂಟರ್‌ಪೊಲೇಷನ್ ಗೈಡ್ಸ್’ (ತುಂಬುವ ಕೂದಲು ಎಷ್ಟು ಗೈಡ್‌ಗಳನ್ನು ಅನುಸರಿಸಬೇಕೆಂಬ ಸಂಖ್ಯೆ) 1ಕ್ಕೆ ಇಳಿಸಿ, ಸುಳಿಯ ಸುತ್ತ ಗೈಡ್ ಕೂದಲು, ಅಂದರೆ ದಾರಿ ತೋರುವ ಕೂದಲು, ಒತ್ತಾಗಿ ನೆಟ್ಟಾಗ ಏಣು ಉಳಿಯಿತು.

ಬಣ್ಣದಲ್ಲಿ ಭೇದವಿಲ್ಲ. ಕೂದಲಿನ ಬಣ್ಣ, ಹೊಳಪು ನಿರ್ಧರಿಸುವ ಪ್ರಿನ್ಸಿಪಲ್ಡ್ ಹೇರ್ ಶೇಡರ್‌ನಲ್ಲಿ ತೆಳು ಕಂದಿಗೆ ಮೆಲನಿನ್ (ಬಣ್ಣದ ಗಾಢತೆ) 0.2–0.3, ಜೊತೆಗೆ ಕೂದಲಿಂದ ಕೂದಲಿಗೆ ಬಣ್ಣ ಬದಲಿಸುವ ರ‍್ಯಾಂಡಮ್ ಕಲರ್ ತುಸು. ರಫ್‌ನೆಸ್ (ಒರಟುತನ) ತೀರ ಇಳಿಸಿದರೆ ನಮ್ಮ ಕಡೆಯ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಬೆನ್ನು ನೈಲಾನ್‌ನಂತೆ ಹೊಳೆಯುತ್ತದೆ.

ಓಟದ ಶಾಟ್ ಮಾತ್ರ ಇದ್ದರೆ ಪಾರ್ಟಿಕಲ್ ಸಾಕು, ಮೋಷನ್ ಬ್ಲರ್‌ನಲ್ಲಿ ಸುಳಿ ಕಾಣುವುದಿಲ್ಲ. ನಾಯಿ ಹತ್ತಿರ ಬಂದು ನಿಲ್ಲುವುದಾದರೆ ಕರ್ವ್ಸೇ ಬೇಕು. ಚಿತ್ರದ ಕಾಳುಕಾಳು ಅಳಿಸುವ ಡಿನಾಯ್ಸರ್ ಮೇಲೆ ಭಾರ ಹಾಕದೆ, ರೆಂಡರ್‌ನ ಸ್ಯಾಂಪಲ್ (ಪ್ರತಿ ಚುಕ್ಕಿಗೆ ಬೆಳಕು ಲೆಕ್ಕಹಾಕುವ ಸಲ) ಏರಿಸಿ; ಇಲ್ಲದಿದ್ದರೆ ಅಷ್ಟು ಬಾಚಿದ ತುಪ್ಪಳವನ್ನು ಅದು ಮೇಣದಂತೆ ಸವರಿಬಿಡುತ್ತದೆ.