ಚೇತಕ್ ಮಾಡೆಲ್‌ನ ಒಳಾಂಗಣಕ್ಕೆ ಎವರ್‌ಗ್ರೀನ್ ಪ್ಲಾಸ್ಟಿಕ್: ಹಾಳೆ ತಗೊಳ್ಳಿ, ಕಡ್ಡಿ ಬಿಡಿ

ಮೊದಲೇ ಹೇಳಿಬಿಡುತ್ತೇನೆ. 1/72 ಅಳತೆಯ, ಅಂದರೆ ನಿಜವಾದದ್ದರ 72ನೇ ಒಂದು ಭಾಗದಷ್ಟಿರುವ ಹೆಲಿಕಾಪ್ಟರ್ ಮಾಡೆಲ್‌ಗೆ ಒಳಗಿನ ಸಾಮಾನನ್ನೆಲ್ಲ ಕೈಯಾರೆ ಮಾಡಿಕೊಳ್ಳುವ ಯೋಚನೆ ಇದ್ದರೆ ಎವರ್‌ಗ್ರೀನ್ ಕಂಪನಿಯ ಬಿಳಿ ಸ್ಟೈರೀನ್ (ಮಾಡೆಲ್ ಕಟ್ಟಲು ಬಳಸುವ ಪ್ಲಾಸ್ಟಿಕ್) ಹಾಳೆಗೆ ಕೊಟ್ಟ ದುಡ್ಡು ದಂಡವಲ್ಲ. ಅವರದೇ ದುಂಡು ಕಡ್ಡಿಗಳು ಮಾತ್ರ ಈ ಅಳತೆಗೆ ದಪ್ಪ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಕಟ್ಟಿದ್ದು ಚೇತಕ್. ಫ್ರಾನ್ಸಿನ ಅಲೂಯೆಟ್ 3 ಹೆಲಿಕಾಪ್ಟರ್ ಮೊದಲು ಹಾರಿದ್ದು 1959ರಲ್ಲಿ. 1962ರ ಒಪ್ಪಂದದ ಮೇಲೆ ಬೆಂಗಳೂರಿನ ಎಚ್‌ಎಎಲ್ ಅದನ್ನು ಕೈಗೆತ್ತಿಕೊಂಡಿತು, 1965ರಲ್ಲಿ ಇಲ್ಲಿ ಜೋಡಿಸಿದ ಮೊದಲನೆಯದು ಹಾರಿತು. ಚೇತಕ್ ಅಂತ ಹೆಸರು ಪಡೆದು ಇವತ್ತಿಗೂ ಸೇನೆಯಲ್ಲಿದೆ. 1960ರಲ್ಲಿ ಏಳು ಜನರನ್ನು ಹೊತ್ತು 4,810 ಮೀಟರ್ ಎತ್ತರದ ಮೋ ಬ್ಲಾಂ ಶಿಖರದ ಮೇಲೆ ಇಳಿದು ಮತ್ತೆ ಮೇಲೆದ್ದ ಯಂತ್ರ ಇದು. ಮಾಡೆಲ್ ಕಟ್ಟುವವರಿಗೆ ಆ ಏಳು ಜನರ ಜಾಗವೇ ದೊಡ್ಡ ಕೆಲಸ: ಮುಂದೆ ಮೂರು ಸೀಟು, ಹಿಂದೆ ನಾಲ್ಕು ಜನರ ಬೆಂಚು, ಸುತ್ತ ಬರೀ ಗಾಜು. ಫೈಟರ್ ವಿಮಾನದ ಕಾಕ್‌ಪಿಟ್‌ನಲ್ಲಿ ಸೀಟಿನ ತಲೆ, ಪ್ಯಾನೆಲ್‌ನ (ಪೈಲಟ್ ಮುಂದಿನ ಮೀಟರುಗಳ ಹಲಗೆ) ಅಂಚು ಕಂಡರೆ ಹೆಚ್ಚು. ಚೇತಕ್‌ನಲ್ಲಿ ಮುಂದಿನಿಂದ, ಪಕ್ಕದಿಂದ, ಮೇಲಿನಿಂದ, ಎಲ್ಲಿಂದ ಇಣುಕಿದರೂ ಒಳಗಿನದೇ ಕಾಣುತ್ತದೆ. ನನ್ನ ಹತ್ತಿರ ಇದ್ದದ್ದು ಹಳೆಯ ಕಿಟ್, ಅಂದರೆ ಜೋಡಿಸಬೇಕಾದ ಬಿಡಿ ಭಾಗಗಳ ಡಬ್ಬಿ. ಒಳಗೆ ಸೀಟು, ಪ್ಯಾನೆಲ್ ಅಂತ ಹೆಸರಿಗೆ ಒಂದಿಷ್ಟು ಭಾಗ ಕೊಟ್ಟಿದ್ದಾರೆ, ಅಷ್ಟೇ. ಅದನ್ನು ಹಾಗೇ ಅಂಟಿಸಿ ಗಾಜು ಮುಚ್ಚಿದರೆ ಹೊರಗೆ ಎಷ್ಟು ಚೆಂದ ಬಣ್ಣ ಹೊಡೆದರೂ ಪ್ರಯೋಜನ ಇಲ್ಲ.

ಈಗ ಹಾಳೆಯ ವಿಷಯ. ಒಂದು ಹಾಳೆ ಸುಮಾರು 15 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದ. ನಾನು ತರಿಸಿದ್ದು 0.13, 0.25 ಮತ್ತು 0.5 ಮಿ.ಮೀ. ದಪ್ಪದವು. ಇದರ ಹೆಚ್ಚುಗಾರಿಕೆ ಏನೆಂದರೆ ದಪ್ಪ ಎಲ್ಲಾ ಕಡೆ ಒಂದೇ ಸಮ. ಬ್ಲೇಡಿನಿಂದ ಪೂರ್ತಿ ಕೊಯ್ಯುವುದು ಬೇಕಿಲ್ಲ. ಸ್ಟೀಲ್ ಸ್ಕೇಲ್ ಇಟ್ಟು ಹಗುರವಾಗಿ ಎರಡು ಸಲ ಗೀರು ಹಾಕಿ, ಗೀರಿನ ಹಿಂದೆ ಬೆರಳಿಟ್ಟು ಬಗ್ಗಿಸಿದರೆ ಟಕ್ ಅಂತ ನೇರಕ್ಕೆ ಮುರಿಯುತ್ತದೆ. ಅಂಚನ್ನು ಉಪ್ಪು ಕಾಗದದ ಮೇಲೆ ಒಮ್ಮೆ ಎಳೆದರೆ ಸಾಕು. ಸಣ್ಣ ಸಣ್ಣ ಸೀಟಿನ ತಟ್ಟೆ, ಬೆನ್ನು, ಪಕ್ಕದ ಪಟ್ಟಿ ಎಲ್ಲ ಒಂದೇ ಅಳತೆಗೆ ಬರಬೇಕಾದಾಗ ಈ ಗುಣದ ಬೆಲೆ ಗೊತ್ತಾಗುತ್ತದೆ.

ಅಳತೆಯ ಲೆಕ್ಕ ಸ್ವಲ್ಪ ನೋಡಿ, ಯಾಕೆಂದರೆ ಯಾವ ಹಾಳೆ ಎಲ್ಲಿಗೆ ಅನ್ನುವುದು ಅದರಲ್ಲೇ ಇದೆ. 0.25 ಮಿ.ಮೀ. ಹಾಳೆ ಅಂದರೆ ನಿಜವಾದ ಹೆಲಿಕಾಪ್ಟರ್‌ನಲ್ಲಿ 18 ಮಿ.ಮೀ. ದಪ್ಪ ಇದ್ದ ಹಾಗೆ. ನೆಲಕ್ಕೆ, ಹಿಂದಿನ ಗೋಡೆಗೆ ಇದು ಸಾಕು. ಸೀಟಿನ ತಟ್ಟೆಗೆ, ಬಾಗಿಲಿನ ಅಂಚಿಗೆ ಜಾಸ್ತಿ ಆಯಿತು. ಅಲ್ಲಿಗೆ 0.13ರ ಹಾಳೆ ಬೇಕು, ಅದೂ 9 ಮಿ.ಮೀ. ಆಗುತ್ತದೆ, ಆದರೆ ಕಣ್ಣಿಗೆ ಒಪ್ಪುತ್ತದೆ. ಈ ತೆಳು ಹಾಳೆಗೆ ಅಂಟು ಕಡಿಮೆ ಹಾಕಬೇಕು. ತಮಿಯಾದ ಎಕ್ಸ್‌ಟ್ರಾ ಥಿನ್ ಅಂಟನ್ನು ಬ್ರಷ್‌ನಲ್ಲಿ ತುಂಬಿ ಹಚ್ಚಿದರೆ ಹಾಳೆ ಕರಗಿ ಸುಕ್ಕಾಗುತ್ತದೆ. ಬ್ರಷ್ಷನ್ನು ಬಾಟಲಿಯ ಬಾಯಿಗೆ ಒರೆಸಿ, ಸೇರಿಸಿದ ಗೆರೆಗೆ ತುದಿ ತಾಗಿಸಿದರೆ ಅಂಟು ತಾನೇ ಒಳಗೆ ಹರಿದುಕೊಳ್ಳುತ್ತದೆ. ಕಿಟ್‌ನ ಪ್ಲಾಸ್ಟಿಕ್ಕೂ ಪಾಲಿಸ್ಟೈರೀನ್, ಈ ಹಾಳೆಯೂ ಪಾಲಿಸ್ಟೈರೀನ್. ಹಾಗಾಗಿ ಎರಡೂ ಕರಗಿ ಒಂದಾಗುತ್ತವೆ, ಒಣಗಿದ ಮೇಲೆ ಕಿತ್ತರೂ ಬರುವುದಿಲ್ಲ.

ಕಡ್ಡಿಗೆ ಬರೋಣ. ನಾನು ತಂದದ್ದು 0.5 ಮಿ.ಮೀ. ದುಂಡು ಕಡ್ಡಿ. ಲೆಕ್ಕ ಹಾಕಿದರೆ 36 ಮಿ.ಮೀ. ಪೈಪು. ಸೀಟಿನ ಚೌಕಟ್ಟಿಗೆ 25 ಮಿ.ಮೀ. ಆಸುಪಾಸಿನದು ಬೇಕು. ಈ ಕಡ್ಡಿಯಲ್ಲಿ ಸೀಟು ಮಾಡಿದರೆ ನೀರಿನ ಪೈಪಿನಲ್ಲಿ ಕಟ್ಟಿದ ಹಾಗೆ ಕಾಣುತ್ತದೆ. ನೀವು 1/48 ಕಟ್ಟುವವರಾದರೆ ಇದೇ ಕಡ್ಡಿ 24 ಮಿ.ಮೀ. ಆಗುತ್ತದೆ, ಆಗ ಕಣ್ಣು ಮುಚ್ಚಿ ತಗೊಳ್ಳಿ. 1/72ಕ್ಕೆ ಮಾತ್ರ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ 28 ಗೇಜಿನ ತಾಮ್ರದ ತಂತಿ ಕೇಳಿ. 0.37 ಮಿ.ಮೀ. ಇರುತ್ತದೆ, ಅಂದರೆ 27 ಮಿ.ಮೀ. ಪೈಪು. ಒಂದು ಸುರುಳಿ ತಂದರೆ ಎಷ್ಟೋ ಮಾಡೆಲ್‌ಗೆ ಆಗುತ್ತದೆ. ಹೇಗೆ ಬಗ್ಗಿಸಿದರೂ ಹಾಗೇ ನಿಲ್ಲುತ್ತದೆ. ಪೈಲಟ್‌ನ ಎಡಗೈ ಪಕ್ಕದ ಕಲೆಕ್ಟಿವ್ ಲಿವರ್ (ಮೇಲೆ ಕೆಳಗೆ ಹೋಗಲು), ಕಾಲುಗಳ ನಡುವಿನ ಸೈಕ್ಲಿಕ್ ಸ್ಟಿಕ್ (ಬೇಕಾದ ದಿಕ್ಕಿಗೆ ವಾಲಿಸಲು) ಎರಡನ್ನೂ ಇದರಲ್ಲೇ ಮಾಡಿದೆ. ತುದಿಗೆ ಫೆವಿಕಾಲ್ ಒಂದು ಹನಿ ಮುಟ್ಟಿಸಿ ಒಣಗಲು ಬಿಟ್ಟರೆ ಹಿಡಿ ತಯಾರು. ಅಲೂಯೆಟ್‌ನಲ್ಲಿ ಪೈಲಟ್ ಕೂರುವುದು ಬಲಗಡೆ, ಅದನ್ನು ನೆನಪಿಡಿ.

ತಾಮ್ರಕ್ಕೆ ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ, ಸೂಪರ್ ಗ್ಲೂ ಬೇಕು. ಅದರ ಆವಿ ಗಾಜಿನ ಭಾಗಕ್ಕೆ ತಾಗಿದರೆ ಬಿಳಿ ಮಬ್ಬು ಕೂರುತ್ತದೆ. ಒಳಗಿನ ಕೆಲಸ ಮುಗಿಸಿ, ಒಂದು ರಾತ್ರಿ ಹಾಗೇ ತೆರೆದಿಟ್ಟು, ಆಮೇಲೆ ಗಾಜನ್ನು ಫೆವಿಕಾಲ್‌ನಲ್ಲಿ ಕೂರಿಸಿ. ಇಷ್ಟೊಂದು ಗಾಜಿರುವ ಮಾಡೆಲ್‌ನಲ್ಲಿ ಇದರಲ್ಲಿ ಅವಸರ ಬೇಡ.

ನನಗೆ ತುಂಬಾ ಖುಷಿ ಕೊಟ್ಟದ್ದು ಪ್ಯಾನೆಲ್. ವಿಮಾನದ ಮೀಟರುಗಳಲ್ಲಿ ಸಾಮಾನ್ಯ ಅಳತೆ ಸುಮಾರು 80 ಮಿ.ಮೀ., ಅಂದರೆ ನಮ್ಮ ಅಳತೆಗೆ 1.1 ಮಿ.ಮೀ. ಅಷ್ಟು ಸಣ್ಣ ಬಿಲ್ಲೆಯನ್ನು ಕತ್ತರಿಸಲು ದುಬಾರಿ ಪಂಚ್ ಸೆಟ್ (ದುಂಡು ಬಿಲ್ಲೆ ಒತ್ತಿ ಕತ್ತರಿಸುವ ಸಾಧನ) ಬೇಕಿಲ್ಲ. ದನಗಳಿಗೆ ಇಂಜೆಕ್ಷನ್ ಕೊಡುವ 16 ಗೇಜಿನ ಸೂಜಿ ತಂದು, ಓರೆ ತುದಿಯನ್ನು ಉಜ್ಜಿ ಸಪಾಟು ಮಾಡಿ, ಒಳ ಅಂಚನ್ನು ಸ್ವಲ್ಪ ಹರಿತ ಮಾಡಿದರೆ ಆಯಿತು. 0.13ರ ಹಾಳೆಯನ್ನು ರಬ್ಬರ್ ಮ್ಯಾಟ್ ಮೇಲಿಟ್ಟು ಸೂಜಿಯನ್ನು ಒತ್ತಿ ತಿರುಗಿಸಿದರೆ ದುಂಡನೆಯ ಬಿಲ್ಲೆ ಒಳಗೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ತೆಳು ತಂತಿ ತೂರಿಸಿ ದಬ್ಬಿದರೆ ಹೊರಗೆ ಬೀಳುತ್ತದೆ. ಕಪ್ಪು ಬಣ್ಣ ಹೊಡೆದು, ಬಿಳಿ ಪೆನ್ಸಿಲ್ ತುದಿಯನ್ನು ಅಂಚಿಗೆ ಸವರಿ, ಮೇಲೊಂದು ಹನಿ ಹೊಳಪಿನ ವಾರ್ನಿಷ್ ಬಿಟ್ಟರೆ ಮೀಟರಿನ ಗಾಜೂ ಬಂತು. ಇಲ್ಲಿ ಬೇರೆ ಯಾವ ಪ್ಲಾಸ್ಟಿಕ್ಕೂ ಎವರ್‌ಗ್ರೀನ್ ಹಾಳೆಯಷ್ಟು ಸ್ವಚ್ಛವಾಗಿ ಕತ್ತರಿಸಿ ಬರಲಿಲ್ಲ.

ಸೀಟ್ ಬೆಲ್ಟಿಗೆ ಮಾಸ್ಕಿಂಗ್ ಟೇಪಿನ 0.7 ಮಿ.ಮೀ. ಪಟ್ಟಿ ಸಾಕು.

ಇಲ್ಲೇ ಸಿಗುವ ಪ್ಲಾಸ್ಟಿಕ್‌ನಲ್ಲಿ ಆಗುವುದಿಲ್ವಾ ಅಂತ ಕೇಳುವವರಿಗೆ: ಸ್ವಲ್ಪ ಮಟ್ಟಿಗೆ ಆಗುತ್ತದೆ. ಹಳೆಯ ಎಟಿಎಂ ಕಾರ್ಡು ಬೇಡ, ಅದು ಸಾಮಾನ್ಯವಾಗಿ ಪಿವಿಸಿ, ಈ ಅಂಟಿಗೆ ಸರಿಯಾಗಿ ಬೆಸೆಯುವುದಿಲ್ಲ. ತಳದಲ್ಲಿ ತ್ರಿಕೋನದೊಳಗೆ 6 ಅಂತ ಬರೆದಿರುವ ಡಬ್ಬಿ, ಲೋಟಗಳಿದ್ದರೆ ಅದು ಪಾಲಿಸ್ಟೈರೀನ್, ಕೆಲಸಕ್ಕೆ ಬರುತ್ತದೆ. ಆದರೆ ಅದರ ಮೈ ಬಾಗಿರುತ್ತದೆ, ದಪ್ಪವೂ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇರುವುದಿಲ್ಲ. ಕೈ ಪಳಗಿಸಿಕೊಳ್ಳಲು, ಕಾಣದ ಜಾಗಕ್ಕೆ ಆಸರೆ ಕೊಡಲು ಧಾರಾಳವಾಗಿ ಬಳಸಿ. ಕಾಣುವ ಜಾಗಕ್ಕೆ ಒಳ್ಳೆಯ ಹಾಳೆಯೇ ಇರಲಿ.

ಬೇಸರವಾದದ್ದು ಕಳಿಸಿಕೊಟ್ಟ ರೀತಿ. ಅಮೆರಿಕದಿಂದ ಬರುವ ಮಾಲು, ಇಲ್ಲಿಗೆ ಬರುವಷ್ಟರಲ್ಲಿ ಬೆಲೆ ಏರಿರುತ್ತದೆ, ಅದು ಗೊತ್ತಿದ್ದೇ ತರಿಸುತ್ತೇವೆ. ಆದರೆ ನಾನು ಆನ್‌ಲೈನ್‌ನಲ್ಲಿ ಕೊಂಡ ಅಂಗಡಿಯವರು ಹಾಳೆಯ ಜೊತೆ ತರಿಸಿದ್ದ 35 ಸೆಂ.ಮೀ. ಉದ್ದದ ಸ್ಟೈರೀನ್ ಪಟ್ಟಿಗಳನ್ನು ಬರೀ ಕವರಿನಲ್ಲಿ ಹಾಕಿ ಕಳಿಸಿದ್ದರು, ಅರ್ಧಕ್ಕರ್ಧ ಮುರಿದು ಬಂದವು. ಫೋಟೋ ಕಳಿಸಿದರೂ ಬದಲಿ ಕೊಡಲಿಲ್ಲ. ಪಿವಿಸಿ ಪೈಪಿನ ತುಂಡಿನಲ್ಲೋ ಗಟ್ಟಿ ರಟ್ಟಿನ ಮಧ್ಯೆಯೋ ಇಟ್ಟು ಕಳಿಸಿ ಅಂತ ಆರ್ಡರ್ ಮಾಡುವ ಮುಂಚೆಯೇ ಬರೆದು ಕೇಳಿ. ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.

ಮೊದಲ ಸಲ ತರಿಸುವವರು 0.13ರ ಒಂದು ಪ್ಯಾಕೆಟ್, 0.25ರ ಒಂದು ಪ್ಯಾಕೆಟ್, 0.25 x 0.5 ಮಿ.ಮೀ. ಪಟ್ಟಿಯ ಒಂದು ಪ್ಯಾಕೆಟ್ ತಗೊಳ್ಳಿ. ನೆಲದ ಮೇಲಿನ ಏಣು, ಬಾಗಿಲಿನ ಒಳಗಿನ ಚೌಕಟ್ಟು ಎಲ್ಲ ಆ ಪಟ್ಟಿಯಲ್ಲೇ ಮುಗಿಯುತ್ತದೆ. ಚೇತಕ್‌ನ ಇಡೀ ಒಳಾಂಗಣ ಮಾಡಿಯೂ ನನ್ನ ಹತ್ತಿರ ಹಾಳೆ ಮುಕ್ಕಾಲು ಪಾಲು ಉಳಿದಿದೆ. ಮುಂದಿನದು ಆಂಬುಲೆನ್ಸ್ ಮಾದರಿ, ಹಿಂದಿನ ಬೆಂಚು ತೆಗೆದು ಎರಡು ಸ್ಟ್ರೆಚರ್ ಇರುವುದು. ಅದಕ್ಕೆ ಮತ್ತೆ ಖರ್ಚು ಮಾಡಬೇಕಿಲ್ಲ.